ಒಂದು ರಿಂಗ್, ಒಂದು ಕಟ್

ನಮ್ಮಜ್ಜಿ ಕೈಗೆ ಹೊಸದೇನು ಕೊಟ್ಟರೂ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಅಟ್ಟದ ಮೇಲೆ ವರ್ಷವಿಡೀ ಬಿದ್ದಿದ್ದ ಕಾಯಿ ಕೊಬ್ಬರಿಯಾಯಿತೋ ಇಲ್ಲವೋ ಅಂತ ಹಾಗೇ ತಾನೇ ನೋಡುವುದು? ಒಳಗೆ ನೀರು ಗುಳುಗುಳು ಅಂದರೆ ಇನ್ನೂ ಹಸಿ, ವಾಪಸ್ಸು ಅಟ್ಟಕ್ಕೆ. ಲೊಡಕ್ ಲೊಡಕ್ ಅಂತ ಉಂಡೆ ಅಲ್ಲಾಡಿದರೆ ಒಣಗಿದೆ, ಇಳಿಸಿ ಸುಲಿಯಬಹುದು. ನಾನು ಕೊಟ್ಟ ಸ್ಮಾರ್ಟ್‌ಫೋನನ್ನೂ ಅಜ್ಜಿ ಹಾಗೇ ಅಲ್ಲಾಡಿಸಿ ನೋಡಿದಳು.

"ಒಳಗೇನೂ ಇಲ್ವಲ್ಲೋ" ಅಂದಳು.

"ಇನ್ನೂ ಹಸಿ ಕಣಜ್ಜಿ. ಅಟ್ಟಕ್ಕಾಕು, ಮುಂದಿನ ವರ್ಷ ಮಾತಾಡ್ತೈತೆ."

"ನಿನ್ ಬಾಯಿಗ್ ಮಣ್ಣಾಕ."

ನಾನು ತಿಪಟೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಊರಲ್ಲಿ ರಿಪೇರಿಯವನು ಅಂತ ಹೇಳಿಕೊಂಡು ತಿರುಗುತ್ತೇನೆ. ನಿಜ ಹೇಳಬೇಕೆಂದರೆ ಗಾಜಿನ ಮೇಲೆ ಇನ್ನೊಂದು ಗಾಜು ಅಂಟಿಸುವವನು, ಅದರಲ್ಲೂ ಮೂಲೆಯಲ್ಲಿ ಗುಳ್ಳೆ ಉಳಿಸುವವನು. ನನಗೆ ನೆಟ್ಟಗೆ ಬರುವ ವಿದ್ಯೆ ಅಂದರೆ ಬೇರೆಯವರ ದನಿ ತೆಗೆಯುವುದು. ಡೈರಿ ಸೆಕ್ರೆಟರಿ ಹಾಲಿನ ಡಿಗ್ರಿ ನೋಡುವ ಮುಂಚೆ ಕೆಮ್ಮುವ ಕೆಮ್ಮು, ಹುಳಿಯಾರು ಬಸ್ಸಿನ ಕಂಡಕ್ಟರ್ ಮೂಗಿನಲ್ಲೇ ಹೇಳುವ "ಮುಂದಕ್ಕೋಗಿ ಮುಂದಕ್ಕೋಗಿ," ನಮ್ಮಪ್ಪ ಸುಳ್ಳು ಹೇಳುವಾಗ ಮಾತ್ರ ಬಳಸುವ ಮೆತ್ತನೆ ದನಿ, ಎಲ್ಲಾ ಬರುತ್ತದೆ. ಫೋನಿನೊಳಗಿನ ಹೆಂಗಸನ್ನೂ ಬಿಟ್ಟಿಲ್ಲ. "ನೀವು ಕರೆ ಮಾಡಿರುವ ಚಂದಾದಾರರು..." ಅಂತ ನಾನು ಬಚ್ಚಲುಮನೆಯಿಂದ ಶುರು ಮಾಡಿದರೆ ಅಜ್ಜಿ ಅಡುಗೆಮನೆಯಿಂದ "ಆಗ್ಲಿ ತಾಯಿ, ಬಂದ್ಮೇಲೆ ಹೇಳವ್ವ" ಅನ್ನುತ್ತಿದ್ದಳು.

ಆದರೆ ಅಜ್ಜಿಗೆ ಬೇಕಾಗಿದ್ದದ್ದು ಒಂದೇ ದನಿ, ಅವಳ ತಂಗಿಯದು. ಆ ಚಿಕ್ಕಜ್ಜಿಯನ್ನು ಕೊಟ್ಟಿದ್ದು ಹುಳಿಯಾರಿನ ಆಚೆ, ಬೋರನಕಣಿವೆ ಡ್ಯಾಮಿನ ನೀರು ಹಾಯುವ ಕಡೆಯ ಒಂದು ಹಳ್ಳಿಗೆ. ಅವಳ ಮಾತು ಎಲ್ಲಿಂದ ಶುರುವಾದರೂ "ಹೂಂ ಕಣಕ್ಕಯ್ಯ" ಅನ್ನುವಲ್ಲಿಗೆ ಬಂದು ನಿಲ್ಲುತ್ತಿತ್ತು. ಮಳೆ ಬಂದರೂ ಹೂಂ ಕಣಕ್ಕಯ್ಯ, ಮಳೆ ಹೋದರೂ ಹೂಂ ಕಣಕ್ಕಯ್ಯ. ನಾನು ಸೆರಗಿನ ಬದಲು ಟವೆಲ್ ಹೊದ್ದು ಅದನ್ನು ಮಾಡಿ ತೋರಿಸಿದರೆ ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು.

ಇಬ್ಬರ ಗಂಡಂದಿರೂ ಹೋದ ಮೇಲೆ ಅಕ್ಕತಂಗಿಯರ ನಡುವೆ ಒಂದು ಪದ್ಧತಿ ಬೆಳೆದಿತ್ತು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು, ಒಲೆ ಮುಂದೆ ಕೂತು, ಅಜ್ಜಿ ತಂಗಿಗೆ ಒಂದು ರಿಂಗ್ ಕೊಡುವುದು. ಆ ಕಡೆ ತಂಗಿ ಎತ್ತಬಾರದು, ಕಟ್ ಮಾಡಬೇಕು. ರಿಂಗ್ ಅಂದರೆ "ಎದ್ದೆ." ಕಟ್ ಅಂದರೆ "ನಾನೂ ಎದ್ದೆ." ಅಷ್ಟೇ ಮಾತು. ಕಟ್ ಬಂದ ಮೇಲೇ ಅಜ್ಜಿ ಕಾಫಿ ಲೋಟಕ್ಕೆ ಕೈ ಹಾಕುವುದು.

"ಈಗ ಮಾತೆಲ್ಲಾ ಪುಕ್ಕಟೆ ಅಜ್ಜಿ, ಎತ್ತಿ ಮಾತಾಡ್ರಪ್ಪ" ಅಂತ ನಾನು ಎಷ್ಟೋ ಸಲ ಹೇಳಿದ್ದೆ.

"ಬೆಳ್‌ಬೆಳಿಗ್ಗೆ ಏನ್ಲಾ ಮಾತಾಡದು? ಇದೀನಿ ಅಂತ ಗೊತ್ತಾದ್ರೆ ಸಾಲ್ದಾ?"

ತಂಗಿಯೊಬ್ಬಳೇ ಅಲ್ಲ, ಅಜ್ಜಿಯ ಲೋಕವೆಲ್ಲ ಕಟ್ ಮಾಡುವ ಲೋಕವೇ. ಕಾಯಿ ಕೀಳುವವನಿಗೆ ರಿಂಗ್ ಕೊಟ್ಟರೆ ಅವನು ಕಟ್ ಮಾಡಬೇಕು. ಮಾಡಿದರೆ ನಾಳೆ ಬರುತ್ತಾನೆ ಅಂತ ಅರ್ಥ. ಎತ್ತಿದನೋ, ಏನೋ ನೆಪ ಹೇಳುತ್ತಾನೆ ಅಂತ ಅರ್ಥ. ಲಗೇಜ್ ಆಟೋದವನೂ ಹಾಗೇ. ನಾನು ಅಂಗಡಿಯಲ್ಲಿದ್ದಾಗ ರಿಂಗ್ ಬಂದರೆ ಬರುವಾಗ ಬೆಲ್ಲ ತಾ ಅಂತ, ನಾನು ಕಟ್ ಮಾಡಿದರೆ ತರುತ್ತೇನೆ ಅಂತ. ನಮ್ಮ ಕಡೆ ಫೋನ್ ಎತ್ತುವುದಕ್ಕಿಂತ ಕಟ್ ಮಾಡುವುದೇ ಹೆಚ್ಚಿನ ಮರ್ಯಾದೆ.

ಹೀಗಿರುವಾಗ ಕಂಪನಿಯವರು ನೆಟ್‌ವರ್ಕನ್ನು ಮೇಲ್ದರ್ಜೆಗೇರಿಸಿದರು. ಹಳೆಯದನ್ನು ತೆಗೆದು ಹೊಸದು ಹಾಕುತ್ತಿದ್ದೇವೆ, ಹೊಸ ಸಿಮ್ ತೆಗೆದುಕೊಳ್ಳಿ ಅಂತ ಮೆಸೇಜು ಬಂತು. ಅಜ್ಜಿ ಮೆಸೇಜು ಓದುವವಳಲ್ಲ, ನಾನು ಓದಿ ಮರೆಯುವವನು. ಒಂದು ಬೆಳಿಗ್ಗೆ ಅವಳ ಗುಂಡಿ ಫೋನು ತುರ್ತು ಕರೆ ಮಾತ್ರ ಅಂತ ತೋರಿಸಿ ಸುಮ್ಮನಾಯಿತು. ಆಗಲೇ ನಾನು ನನ್ನ ಹಳೇ ಸ್ಮಾರ್ಟ್‌ಫೋನನ್ನು, ಮೂಲೆ ಒಡೆದದ್ದನ್ನು, ಹೊಸ ಸಿಮ್ ಹಾಕಿ ಕೊಟ್ಟದ್ದು. ಮುಂದುಗಡೆಯೇ ಚಿಕ್ಕಜ್ಜಿಯ ಫೋಟೋ ಕೂರಿಸಿ, ಮುಟ್ಟಿದರೆ ಸಾಕು ಹೋಗುತ್ತದೆ ಅಂದೆ.

ಹೋಗಲಿಲ್ಲ. ಮುಟ್ಟಿದ ತಕ್ಷಣ ಕಾಲ್ ತಾನೇ ಬಿದ್ದುಹೋಗುತ್ತಿತ್ತು. ಸರಿ, ರಿಪೇರಿಯವನು ಎದ್ದ. ಆಫ್ ಮಾಡಿ ಆನ್ ಮಾಡಿದೆ. ಏರೋಪ್ಲೇನ್ ಗುರುತು ಒತ್ತಿ ಬಿಟ್ಟೆ. ಸಿಮ್ ತೆಗೆದು ಅಂಗಿಗೆ ಒರೆಸಿ ಹಾಕಿದೆ, ಅದರಿಂದ ಏನಾಗುತ್ತದೆ ಅಂತ ಇವತ್ತಿಗೂ ಗೊತ್ತಿಲ್ಲ. ಮನೆಯ ಹಿಂದಿನ ತೋಟಕ್ಕೆ ಹೋಗಿ, ತೆಂಗಿನ ಮರಗಳ ಸಂದಿಯಲ್ಲಿ ಟವರ್ ಹುಡುಕುತ್ತಾ ಕೈ ಎತ್ತಿ ನಿಂತೆ. ಅಜ್ಜಿ ಹಿತ್ತಲ ಬಾಗಿಲಲ್ಲಿ ನಿಂತು, "ಆರತಿ ಎತ್ತಿದ್ದಾಯ್ತಾ? ಮಂಗಳಾರತಿ ತಟ್ಟೆಗೆ ಕಾಸಾಕ್ಲಾ?" ಅಂದಳು.

ಕೊನೆಗೆ ಅಂಗಡಿಯಲ್ಲಿ ನಮ್ಮ ಓನರಣ್ಣನ ಮುಂದೆ ಇಟ್ಟಾಗ ಅವನು ನನ್ನನ್ನೇ ನೋಡಿ, "ಲೇ, ವೋಲ್ಟಿ ಆನ್ ಮಾಡಿದೀಯಾ?" ಅಂದ. ಹೊಸ ನೆಟ್‌ವರ್ಕಿನಲ್ಲಿ ಮಾತೂ ಡೇಟಾದ ದಾರಿಯಲ್ಲೇ ಹೋಗಬೇಕಂತೆ. ಸೆಟ್ಟಿಂಗ್ಸ್ ಒಳಗೆ ಅದಕ್ಕೊಂದು ಗುಂಡಿ ಇದೆ, ಅದು ಆಫ್ ಆಗಿದ್ದರೆ ಇಂಟರ್ನೆಟ್ ಬರುತ್ತದೆ, ಕಾಲ್ ಹೋಗುವುದಿಲ್ಲ. ದಿನಾ ಗಿರಾಕಿಗಳಿಗೆ ನಾನೇ ಹೇಳುವ ಮಾತು. ಆನ್ ಮಾಡಿದೆ. ಊರಿಗೆ ಬಂದು ಅಜ್ಜಿಯ ಕೈಗೆ ಕೊಟ್ಟೆ. ಮಾರನೆಯ ಬೆಳಿಗ್ಗೆ ಅವಳು ತಂಗಿಯ ಫೋಟೋದ ಕೆನ್ನೆ ಮುಟ್ಟಿದಳು. ರಿಂಗ್ ಹೋಯಿತು. ನಾನು ಬೀಗುತ್ತಾ ನಿಂತಿದ್ದೆ.

ರಿಂಗ್ ಹೋಯಿತು, ಹೋಗುತ್ತಲೇ ಇತ್ತು. ಕಟ್ ಬರಲಿಲ್ಲ. ಪೂರ್ತಿ ಹೊಡೆದುಕೊಂಡು, ಕೊನೆಗೆ ಫೋನಿನೊಳಗಿನ ಆ ಹೆಂಗಸು ಬಂದು ಉತ್ತರಿಸುತ್ತಿಲ್ಲ ಅಂದಳು. ಅಜ್ಜಿ ಅವತ್ತು ಅವಳಿಗೆ ಏನೂ ಹೇಳಲಿಲ್ಲ. ಕಾಫಿಯ ಮೇಲೆ ಕೆನೆ ಕಟ್ಟಿತು.

ಮಾರನೇ ದಿನವೂ ಹಾಗೇ, ಅದರ ಮಾರನೇ ದಿನವೂ ಹಾಗೇ. ನನ್ನ ಫೋನಿನಿಂದ ಮಾಡಿದೆ, ಎತ್ತಲಿಲ್ಲ. ಚಿಕ್ಕಜ್ಜಿಯ ಮಗ, ನನಗೆ ಚಿಕ್ಕಪ್ಪ ಆಗಬೇಕು, ಅವನ ನಂಬರಿಗೆ ಮಾಡಿದರೆ ಅದು ಅಸ್ತಿತ್ವದಲ್ಲೇ ಇಲ್ಲ ಅಂತ ಬಂತು. ಅಜ್ಜಿಯ ಫೋನಿನ ನೆಟ್‌ವರ್ಕ್ ಸೆಟ್ಟಿಂಗ್ಸನ್ನು ಅಳಿಸಿ ಮೊದಲಿಂದ ಹಾಕಿದೆ, ಸಾಫ್ಟ್‌ವೇರ್ ಹೊಸದು ಮಾಡಿದೆ. ಫೋನು ನಾನು ಹೇಳಿದ್ದೆಲ್ಲಾ ಕೇಳಿತು. ಕಟ್ ಮಾತ್ರ ಬರಲಿಲ್ಲ.

"ಸಿಟ್ಟು ಕಣ್ಲಾ ಅವ್ಳಿಗೆ" ಅಂದಳು ಅಜ್ಜಿ ಒಂದು ದಿನ. "ಮನೆ ಒಕ್ಕಲಿಗೆ ನಾನು ಹೋಗ್ಲಿಲ್ವಲ್ಲ."

ಬೇಸಿಗೆಯಲ್ಲಿ ಚಿಕ್ಕಜ್ಜಿಯ ಮನೆಗೆ ಹೊಸ ತಾರಸಿ ಹಾಕಿ ಒಕ್ಕಲು ಮಾಡಿದ್ದರು. ಅಜ್ಜಿಗೆ ಮಂಡಿ ಊದಿಕೊಂಡು ಬಸ್ಸು ಹತ್ತಲಾಗಿರಲಿಲ್ಲ. ನಾವೆಲ್ಲಾ ಹೋಗಿ ಉಂಡು ಬಂದಿದ್ದೆವು.

"ಅದಕ್ಯಾಕೆ ಸಿಟ್ಟಾಗ್ತಾಳೆ? ನಾಳೆ ನಾನೇ ಹೋಗಿ ನೋಡ್ಕಂಡ್ ಬತ್ತೀನಿ ಬುಡು."

"ನೀನ್ಯಾಕೆ ಹೋಗದು? ನನ್ ಮೇಲೆ ಸಿಟ್ಟಾದ್ರೆ ನಾನೇ ಹೋಗ್ಬೇಕು. ಮಂಡಿ ನೆಟ್ಟಗಾಗ್ಲಿ. ನೀನ್ ಹೋದ್ರೆ ಅವ್ಳ ಮುಂದೇನೇ ಅವ್ಳ ದನಿ ತೆಗ್ದು ಇನ್ನೂ ಕೆಡಿಸ್ತೀಯ."

ಆಮೇಲೂ ಬೆಳಿಗ್ಗೆ ರಿಂಗ್ ಕೊಡುವುದನ್ನು ಅವಳು ಬಿಡಲಿಲ್ಲ. ಆದರೆ ಕಿವಿಗೆ ಹಿಡಿಯುತ್ತಿರಲಿಲ್ಲ. ಫೋನನ್ನು ನೆಲದ ಮೇಲಿಟ್ಟು, ಅದು ಹೊಡೆದುಕೊಳ್ಳುವಷ್ಟು ಹೊತ್ತೂ ಒಲೆಗೆ ತೆಂಗಿನ ಗರಿ ಮುರಿದು ಹಾಕುತ್ತಾ ಕೂರುತ್ತಿದ್ದಳು. ಟವೆಲ್ ಹೊದ್ದು ಬಂದು "ಹೂಂ ಕಣಕ್ಕಯ್ಯ" ಅಂದೆ ಒಂದು ಸಲ. ನಗಲಿಲ್ಲ. "ಸುಮ್ಕಿರ್ಲಾ" ಅಂದಳು ಅಷ್ಟೇ.

ಗೌರಿ ಹಬ್ಬ ಹತ್ತಿರ ಬಂದಿತ್ತು. ಅಂಗಡಿಯಲ್ಲಿ ಹೊಸ ನೆಟ್‌ವರ್ಕಿನ ಗಲಾಟೆಯಿಂದ ಉಸಿರಾಡಲು ಪುರಸೊತ್ತಿರಲಿಲ್ಲ. ಯಾರದೋ ಹೊಸ ಸೆಟ್ಟಿಗೆ ಟವರ್ ಸಿಗುತ್ತಿಲ್ಲ ಅಂತ ಪರೀಕ್ಷೆ ಮಾಡಲು ನನ್ನದೇ ಸಿಮ್ ತೆಗೆದು ಅದರೊಳಗೆ ಹಾಕಿ ಮೇಜಿನ ಮೇಲೆ ಇಟ್ಟಿದ್ದೆ. ಆ ಸೆಟ್ಟಿನಲ್ಲಿ ಯಾರ ಹೆಸರೂ ಇರಲಿಲ್ಲ. ಅಷ್ಟರಲ್ಲಿ ಒಂದು ಕಾಲ್ ಬಂತು. ಪರದೆಯೆಲ್ಲಾ ಕೆಂಪಾಯಿತು. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು, ಸ್ಪ್ಯಾಮ್ ಇರಬಹುದು, ಎಚ್ಚರ.

ಓನರಣ್ಣ ಬಗ್ಗಿ ನೋಡಿ, "ಯಾವನ್ಲಾ ಅವ್ನು ಕಳ್‌ನನ್ಮಗ, ಬೆಳಿಗ್ಗೇನೇ?" ಅಂದ.

ನಂಬರ್ ನೋಡಿದೆ. "ನಮ್ಮಜ್ಜಿ ಕಣಣ್ಣ. ಬೆಲ್ಲ ತಾ ಅಂತವ್ಳೆ."

ಅಂಗಡಿಯಲ್ಲಿದ್ದವರೆಲ್ಲಾ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಅಜ್ಜಿಯ ದನಿಯಲ್ಲಿ, "ನಾನು ಬ್ಯಾಂಕಿಂದ ಮಾತಾಡ್ತಿವ್ನಿ ಕಣಪ್ಪ, ಒಟಿಪಿ ಹೇಳು, ಹಂಗೇ ಒಂದಚ್ಚು ಬೆಲ್ಲ ತತ್ತಾ" ಅಂತ ಶುರು ಮಾಡಿದೆ. ಅರ್ಧದಲ್ಲಿ ಬಾಯಿ ನಿಂತುಹೋಯಿತು. ಹುಳಿಯಾರಿನ ಆಚೆಯ ಆ ಮನೆಯಲ್ಲೂ ಇದೇ ಕೆಂಪು ಬರುತ್ತಿದ್ದರೆ?

ಓನರಣ್ಣ ವಿವರಿಸಿದ. ಹೊಸ ನೆಟ್‌ವರ್ಕಿನೊಳಗೆ ಮೋಸದ ಕರೆ ಪತ್ತೆ ಹಚ್ಚುವ ಯಂತ್ರದ ಬುದ್ಧಿ ಇದೆಯಂತೆ. ಒಂದೇ ನಂಬರಿನಿಂದ ದಿನಾ ಸುಮಾರು ಜನಕ್ಕೆ ಕಾಲ್ ಹೋಗುತ್ತಿದ್ದರೆ, ಅವರೆಲ್ಲಾ ಕಟ್ ಮಾಡುತ್ತಿದ್ದರೆ, ಒಂದು ನಿಮಿಷವೂ ಯಾರೂ ಮಾತಾಡದಿದ್ದರೆ, ಇದು ಕಳ್ಳರ ನಂಬರ್ ಅಂತ ಗುರುತು ಹಾಕುತ್ತದಂತೆ. ಅದು ಪೂರ್ತಿ ನಿಜವೋ, ಅವನ ಊಹೆಯೋ ನನಗೆ ಗೊತ್ತಿಲ್ಲ. ಕಂಪನಿಯವರು ಯಾರೂ ಬಂದು ಹೇಳಲಿಲ್ಲ. ಆದರೆ ನಮ್ಮಜ್ಜಿಯನ್ನು ಯಂತ್ರದ ಕಣ್ಣಿನಿಂದ ನೋಡಿದರೆ ಇನ್ನೇನು ಕಾಣುತ್ತದೆ? ಕಾಯಿ ಕೀಳುವವನು ಕಟ್, ಆಟೋದವನು ಕಟ್, ಮೊಮ್ಮಗ ಕಟ್, ಒಡಹುಟ್ಟಿದ ತಂಗಿಯೇ ಬೆಳಿಗ್ಗೆ ಎದ್ದ ತಕ್ಷಣ ಕಟ್. ಊರಲ್ಲಿ ಎಲ್ಲರಿಗೂ ಬೇಡವಾದವಳು ಅಂತ ಅದು ತೀರ್ಮಾನಿಸಿತ್ತು.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಅವರು ಹೇಳಿದ ಗುಂಡಿಗಳನ್ನೆಲ್ಲಾ ಒತ್ತಿ ಒತ್ತಿ ಕೊನೆಗೆ ಒಬ್ಬ ನಿಜವಾದ ಹುಡುಗಿ ಸಿಕ್ಕಳು.

"ಆ ಸಂಖ್ಯೆಯಿಂದ ವಾಣಿಜ್ಯ ಕರೆಗಳನ್ನು ಮಾಡುತ್ತಾರೆಯೇ ಸರ್?"

"ಇಲ್ಲ ಮೇಡಂ. ಇದೀನಿ ಅಂತ ಹೇಳಕ್ಕೆ ಮಾಡ್ತಾರೆ."

ಆ ಕಡೆ ಟಕಟಕ ಟೈಪ್ ಮಾಡಿದ ಸದ್ದು ಬಂತು. "ದೂರು ತೆಗೆದುಕೊಂಡಿದ್ದೇನೆ ಸರ್" ಅಂದಳು.

ಅವತ್ತು ಮಧ್ಯಾಹ್ನವೇ ಊರಿಗೆ ಹೋಗಿ ಅಜ್ಜಿಗೆ ಹೇಳಿದೆ. ಸ್ಪ್ಯಾಮು ಅಂದರೆ ಏನು ಅಂತ ಅವಳಿಗೆ ತಿಳಿಯಲಿಲ್ಲ, ಕಳ್ಳಿ ಅಂದರೆ ತಿಳಿಯಿತು. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. "ಹಂಗಾದ್ರೆ ಅವ್ಳಿಗೆ ಸಿಟ್ಟಿಲ್ಲ ಅನ್ನು!" ಅಂತ ಎದ್ದೇ ನಿಂತಳು, ಮಂಡಿ ಇದೆ ಅನ್ನುವುದೇ ಮರೆತು. ಹುಳಿಯಾರಿಗೆ ಹೋಗುವ ಲಗೇಜ್ ಆಟೋದವನಿಗೆ ರಿಂಗ್ ಕೊಟ್ಟೆವು, ಕಟ್ ಮಾಡಿದ. ಮಾರನೇ ಬೆಳಿಗ್ಗೆ ಅಜ್ಜಿ ಡ್ರೈವರ್ ಪಕ್ಕ, ನಾನು ಹಿಂದೆ ಗೋಣಿಚೀಲಗಳ ಜೊತೆ. ಅಜ್ಜಿಯ ಮಡಿಲಲ್ಲಿ ತಂಗಿಗೆ ಅಂತ ಅವಳೇ ಅಲ್ಲಾಡಿಸಿ ಆರಿಸಿದ ಉಂಡೆ ಕೊಬ್ಬರಿ. ದಾರಿಯುದ್ದಕ್ಕೂ ಡ್ರೈವರ್‌ಗೆ, "ಅವ್ಳಿಗೆ ಸಿಟ್ಟಿಲ್ವಂತೆ ಕಣಪ್ಪ, ಯಂತ್ರದ ತಪ್ಪಂತೆ" ಅಂತ ಹೇಳುತ್ತಲೇ ಇದ್ದದ್ದು ಹಿಂದಕ್ಕೂ ಕೇಳುತ್ತಿತ್ತು.

ಹೊಸ ತಾರಸಿ ಮನೆಯ ಬಾಗಿಲಲ್ಲಿ ಚಿಕ್ಕಮ್ಮ, ಚಿಕ್ಕಜ್ಜಿಯ ಸೊಸೆ, ಮೊರ ಹಿಡಿದು ಕೂತಿದ್ದವಳು ಎದ್ದಳು. ಅಜ್ಜಿಯನ್ನು ನೋಡಿ ಮೊರ ಕೆಳಗಿಟ್ಟಳು.

"ಈಗ ಬಂದ್ರಾ ದೊಡ್ಡತ್ತೆ?"

ಒಳಗೆ ಮಂಚದ ಮೇಲೆ ಚಿಕ್ಕಜ್ಜಿ ಮಲಗಿದ್ದಳು. ಆಷಾಢ ಮುಗಿಯುವ ಹೊತ್ತಿಗೆ ಲಕ್ವ ಹೊಡೆದಿತ್ತು. ಬಲಗೈ ಬಲಗಾಲು ಹೋಗಿ, ಬಾಯಿ ಒಂದು ಕಡೆಗೆ ಎಳೆದುಕೊಂಡು, ಮಾತು ನಿಂತುಹೋಗಿತ್ತು. ಅಕ್ಕನನ್ನು ನೋಡಿದ್ದೇ ಕಣ್ಣು ಅಗಲ ಮಾಡಿ, ಎಡಗೈಯಿಂದ ಹೊದಿಕೆಯನ್ನು ತಟ್ಟತೊಡಗಿದಳು.

"ನಿಮಗೆ ಹೇಳಣ ಅಂದ್ರೆ ನಂಬ್ರೇ ಇಲ್ಲ" ಅಂತ ಚಿಕ್ಕಮ್ಮ ಅಳುವುದಕ್ಕೆ ಶುರುಮಾಡಿದಳು. "ಹೊಸ ಸಿಮ್ಮು ಹಾಕುಸ್ದಾಗ ಹಳೇದ್ರಾಗಿದ್ದ ಹೆಸ್ರೆಲ್ಲಾ ಹೋಯ್ತು. ಇವರೂ ನಂಬ್ರು ಬದ್ಲಾಯ್ಸವ್ರೆ. ಆಸ್ಪತ್ರೆ, ಮನೆ, ಆಸ್ಪತ್ರೆ ಅಂತ ಓಡಾಡದ್ರಾಗೆ ಯಾರನ್ನ ಕಳ್ಸದು? ಒಕ್ಕಲಿಗೂ ಬರ್ಲಿಲ್ಲ, ಈಗ್ಲೂ ಬರ್ಲಿಲ್ಲ, ಸಿಟ್ಟೇನೋ ಅನ್ಕಂಡ್ವಿ."

"ನಾನು ದಿನಾ ಫೋನ್ ಮಾಡ್ತಿದ್ನಲ್ಲವ್ವ" ಅಂದಳು ಅಜ್ಜಿ.

"ಎಲ್ಲಿ? ಬೆಳಿಗ್ಗೆ ಆದ್ರೆ ಒಂದು ಕೆಂಪು ಫೋನ್ ಬರದು. ಅದು ಬಂದ್ರೆ ಸಾಕು ಅತ್ತೆ ಎಡಗೈ ಚಾಚೋರು. ಮುಟ್ಬ್ಯಾಡಿ, ಮುಟ್ಟಿದ್ರೆ ದುಡ್ಡೆಲ್ಲಾ ಎಳ್ಕತಾರಂತೆ ಅಂತ ನಾನೇ ಕಿತ್ತು ಆ ಕಡೆಗಿಡ್ತಿದ್ದೆ. ಹೆಸ್ರು ಬರ್ದೇ ಇದ್ದ ಬ್ಯಾರೆ ಫೋನೂ ಎತ್ತುತಿರ್ಲಿಲ್ಲ." ಅಷ್ಟು ಹೇಳಿ ನಿಲ್ಲಿಸಿದಳು. ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಅದು... ನೀವಾ?"

ಅಜ್ಜಿ ಮಂಚದ ಅಂಚಿನಲ್ಲಿ ಕೂತು ತಂಗಿಯ ಎಡಗೈ ಹಿಡಿದುಕೊಂಡಳು. ಹೆಸರು ಓದಲು ಬರದ ಚಿಕ್ಕಜ್ಜಿಗೆ ಅದು ಅಕ್ಕನ ರಿಂಗ್ ಅಂತ ಹೊತ್ತು ನೋಡಿಯೇ ಗೊತ್ತಾಗಿತ್ತು. ಓದಲು ಬಂದವರಿಗೆಲ್ಲಾ ಎಚ್ಚರ ಅಂತ ಕಂಡಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಸೊಂಟದ ಚೀಲದಿಂದ ಫೋನು ತೆಗೆದು ತಂಗಿಯ ಫೋಟೋ ಮುಟ್ಟಿದಳು. ಗೂಡಿನಲ್ಲಿದ್ದ ಫೋನು ಹೊಡೆದುಕೊಂಡಿತು, ಕೆಂಪಗೆ. ತಂದು ಚಿಕ್ಕಜ್ಜಿಯ ಕೈಗೆ ಕೊಟ್ಟೆ. ಎಡಗೈ ಹೆಬ್ಬೆರಳು ಗಾಜಿನ ಮೇಲೆ ಜಾರಿತು, ಮತ್ತೆ ಜಾರಿತು. ನಾನು ಸಹಾಯ ಮಾಡಲು ಹೋದರೆ ಅಜ್ಜಿ ನನ್ನ ಕೈಯನ್ನು ಸರಿಸಿದಳು. ಕೊನೆಗೆ ಕಟ್ ಆಯಿತು. ಚಿಕ್ಕಜ್ಜಿಯ ಬಾಯಿಯ ನೆಟ್ಟಗಿದ್ದ ಅರ್ಧ ನಕ್ಕಿತು.

ಆ ಫೋನಿನಲ್ಲಿ ಅಜ್ಜಿಯ ನಂಬರಿಗೆ ಅಕ್ಕಯ್ಯ ಅಂತ ಹೆಸರು ಹಾಕಿ, ಅಲ್ಲೇ ಅಜ್ಜಿಯ ಫೋಟೋ ತೆಗೆದು ಕೂರಿಸಿದೆ. ಇನ್ನೊಂದು ಸಲ ಮಾಡಿ ನೋಡಿದೆವು. ಕೆಂಪಿನ ಬದಲು ಅಜ್ಜಿಯ ಮುಖ ಬಂತು.

ಹೊರಡುವ ಹೊತ್ತಿಗೆ ಅಜ್ಜಿ, "ಅವ್ಳ ಥರ ಒಂಚೂರು ಮಾತಾಡು ಕಣ್ಲಾ" ಅಂದಳು.

"ಇಲ್ಲೇನಾ? ಈಗ್ಲೇನಾ?"

"ಹೂಂ. ಅವ್ಳೂ ಕೇಳಸ್ಕಳ್ಲಿ."

ಟವೆಲ್ ಹೊದೆಯಲಿಲ್ಲ. ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು, "ಈ ಹುಡುಗ ಬಂದ್ರೆ ಸಾಕು ಮನೇಲಿ ಕೊಬ್ರಿ ಉಳಿಯಾಕಿಲ್ಲ, ಹೂಂ ಕಣಕ್ಕಯ್ಯ" ಅಂದೆ. ಚಿಕ್ಕಜ್ಜಿಯ ಹೊಟ್ಟೆ ಕುಲುಕಿತು. ಸದ್ದಿಲ್ಲದೆ ನಗುತ್ತಿದ್ದಳು, ಕಣ್ಣೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಕೈ ಎತ್ತಿ ಇನ್ನೊಂದು ಸಲ ಅಂತ ಸನ್ನೆ ಮಾಡಿದಳು. ಇನ್ನೊಂದು ಸಲ ಮಾಡಿದೆ. ಆಮೇಲೆ ನಾನು ಆ ದನಿ ತೆಗೆದಿಲ್ಲ.

ಅಲ್ಲಿಂದ ಬಂದ ಮೇಲೆ ಬೆಳಿಗ್ಗೆ ಬೆಳಿಗ್ಗೆ ಕಟ್ ಬರತೊಡಗಿತು. ಮೊದಲಿನಷ್ಟು ಚುರುಕಾಗಿ ಅಲ್ಲ. ಒಂದು ರಿಂಗಿಗೆ ಬರುತ್ತಿದ್ದದ್ದು ಈಗ ಸುಮಾರು ರಿಂಗ್ ಆದ ಮೇಲೆ ಬರುತ್ತಿತ್ತು. ಆ ಹೆಬ್ಬೆರಳು ಗಾಜಿನ ಮೇಲೆ ಜಾರುವುದು ನಮಗಿಬ್ಬರಿಗೂ ಕಾಣುತ್ತಿತ್ತು. "ಬತ್ತಾಳೆ ತಡಿ, ಬತ್ತಾಳೆ" ಅನ್ನುತ್ತಿದ್ದಳು ಅಜ್ಜಿ. ಬಂದ ಮೇಲೆ ಕಾಫಿ. ಮಧ್ಯೆ ಯಾವಾಗಲೋ ಕಂಪನಿಯವರಿಂದ ನಿಮ್ಮ ದೂರು ಬಗೆಹರಿದಿದೆ ಅಂತ ಮೆಸೇಜೂ ಬಂತು. ಅಜ್ಜಿ ಈಗ ಕಳ್ಳಿಯಲ್ಲ ಅಂತ ಓದಿ ಹೇಳಿದೆ. "ಯಾರ್ ಹೇಳಿದ್ರಂತೆ? ಆ ಹೆಂಗ್ಸಾ?" ಅಂದಳು.

ದೀಪಾವಳಿ ಕಳೆದು ಚಳಿ ಶುರುವಾಗಿತ್ತು. ನಾನು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ. ಒಲೆ ಮುಂದಿನಿಂದ ಅಜ್ಜಿ ಕರೆದಳು.

"ಬಾಯಿಲ್ಲಿ. ಪೂರ್ತಿ ಹೊಡ್ಕಂತು."

"ಇನ್ನೊಂದ್ಸಲ ಮಾಡಜ್ಜಿ."

"ಮಾಡ್ದೆ. ಅದೂ ಪೂರ್ತಿ." ಫೋನನ್ನು ನನ್ನ ಕಡೆ ಚಾಚಿದಳು. "ಅದೇನೋ ವೋಲ್ಟಿ ಅಂತಿದ್ಯಲ್ಲ, ಆಫಾಗೈತೇನೋ ನೋಡು."

ಬಾಯಿ ತೊಳೆದು ಬಂದು ಕೂತೆ. ವೋಲ್ಟಿ ಆನ್ ಇತ್ತು. ಟವರ್ ಕಡ್ಡಿಗಳು ತುಂಬಿದ್ದವು. ಏರೋಪ್ಲೇನ್ ಗುರುತು ಒತ್ತಿ ಬಿಟ್ಟೆ. ಅವಳ ಫೋನಿನಿಂದ ನನ್ನದಕ್ಕೆ ಮಾಡಿದೆ, ಚೆನ್ನಾಗಿ ಬಂತು. ನನ್ನದರಿಂದ ಚಿಕ್ಕಜ್ಜಿಗೆ ಮಾಡಿದೆ. ಹೊಡೆದುಕೊಂಡಿತು, ಹೊಡೆದುಕೊಂಡಿತು, ಕೊನೆಗೆ ಆ ಹೆಂಗಸು ಬಂದಳು. ಚಿಕ್ಕಪ್ಪನ ಹೊಸ ನಂಬರಿಗೆ ಮಾಡಿದೆ, ಅಲ್ಲೂ ಅವಳೇ.

"ಮತ್ತೆ ಕೆಂಪು ಬಂದೈತಾ?"

"ಇಲ್ಲಜ್ಜಿ."

"ಸಿಮ್ಮು?"

"ಸರಿ ಐತೆ."

"ಟವರ್ರು?"

ಅಂಗಡಿಗೆ ಬಂದವರಿಗೆ ದಿನವಿಡೀ ನಾನು "ನಿಮ್ದೇನೂ ತಪ್ಪಿಲ್ಲ ಕಣ್ರೀ, ನೆಟ್‌ವರ್ಕ್ ಸರಿ ಇಲ್ಲ" ಅನ್ನುತ್ತಿರುತ್ತೇನೆ, ಸುಳ್ಳೋ ನಿಜವೋ. ಅವತ್ತು ಅದೊಂದು ಮಾತು ನಾಲಿಗೆಯ ಮೇಲೆ ಬರಲಿಲ್ಲ. ನನಗೇ ಗೊತ್ತಿಲ್ಲದ ಸೆಟ್ಟಿಂಗ್ಸುಗಳನ್ನೆಲ್ಲಾ ತೆರೆದು ನೋಡಿದೆ. ಎಲ್ಲಾದರೂ ಒಂದು ತಪ್ಪು ಸಿಗಲಿ ಅಂತ ಹುಡುಕಿದೆ. ಅಜ್ಜಿ ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಅಭ್ಯಾಸಕ್ಕೋ ಏನೋ, ಕಿವಿಗೆ ಹಿಡಿದು ಒಂದು ಸಲ ಅಲ್ಲಾಡಿಸಿ, ಮಡಿಲಲ್ಲಿ ಇಟ್ಟುಕೊಂಡಳು.

"ಎಲ್ಲಾ ಸರಿ ಐತೆ ಅನ್ನು."

"ಹೂಂ ಅಜ್ಜಿ. ಎಲ್ಲಾ ಸರಿ ಐತೆ."

ಅವಳು ಒಲೆಯಲ್ಲಿ ಉರಿಯುತ್ತಿದ್ದ ಗರಿಯನ್ನು ಹಿಂದಕ್ಕೆ ಎಳೆದು ನೀರು ಚಿಮುಕಿಸಿದಳು. ಕಾಫಿಯ ಲೋಟವನ್ನು ಮುಚ್ಚಿಟ್ಟಳು.

"ಆಟೋದವ್ನಿಗೆ ರಿಂಗ್ ಕೊಡು. ಹುಳಿಯಾರಿಗೆ ಹೋಗ್ಬೇಕು."

ಕೊಟ್ಟೆ. ಒಂದೇ ರಿಂಗಿಗೆ ಅವನು ಕಟ್ ಮಾಡಿದ.